ನಡಿಗೆ ಬೇರೆ, ವಾಕಿಂಗ್ ಬೇರೆ

(ಬೆಂಗಳೂರಿನಿಂದ ಏರ್‌ಪೋರ್ಟಿಗೆ ಹೋಗುವ ಬಳ್ಳಾರಿ ರಸ್ತೆಯ ಚಿಕ್ಕಜಾಲ. ಅಲ್ಲಿನ ಹಳೆಯ ಕೋಟೆಯ ಕಲ್ಯಾಣಿ. ಸಂಜೆ ಐದೂವರೆ. ಒಬ್ಬರು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಇನ್ನೊಬ್ಬರು ಸಕ್ಕರೆ ಕಾಯಿಲೆಯವರನ್ನು ದಿನವೂ ನೋಡುವ ವೈದ್ಯೆ. ಹತ್ತಿರದ ಲೇಔಟಿಗೆ ಬಂದು ಆರು ವರ್ಷವಾಗಿದೆ.)

– ಏದುಸಿರು ಬಿಡ್ತಿದ್ದೀರಲ್ಲ ಮೇಷ್ಟ್ರೇ, ಕೂತ್ಕೊಳ್ಳಿ.

– ನಡೆದು ಬಂದ ಆಯಾಸ ಅಲ್ಲ ಡಾಕ್ಟ್ರೇ, ರಸ್ತೆ ದಾಟಿದ ಭಯ. ನಮ್ಮನೆಯಿಂದ ಈ ಕಲ್ಯಾಣಿಗೆ ಹತ್ತು ನಿಮಿಷದ ದಾರಿ. ಅದರಲ್ಲಿ ಅರ್ಧ ಹೊತ್ತು ರಸ್ತೆ ಅಂಚಿನಲ್ಲಿ ನಿಂತೇ ಕಳೀತು. ಏರ್‌ಪೋರ್ಟ್ ಟ್ಯಾಕ್ಸಿಗಳು ಒಂದರ ಬಾಲ ಹಿಡಿದು ಇನ್ನೊಂದು ಬರ್ತಾನೇ ಇರ್ತವೆ. ಒಂದು ಕಾಲಕ್ಕೆ ನೂರು ಮೀಟರ್ ಓಟದಲ್ಲಿ ಗೆದ್ದ ಕಾಲು ಇವು. ಈಗ ಮಂಡಿ ಮಾತು ಕೇಳಲ್ಲ.

– ಅದಕ್ಕೇ ನಿಮ್ಮನ್ನ ಇಲ್ಲಿಗೆ ಕರೆದದ್ದು. ನಿನ್ನೆ ಒಂದೇ ದಿನ ಒಂಬತ್ತು ಜನರ ಚೀಟಿ ಮೇಲೆ ‘ದಿನಾ ಮೂವತ್ತು ನಿಮಿಷ ನಡೆಯಿರಿ’ ಅಂತ ಬರೆದೆ. ಎಂಟು ಜನ ತಲೆಯಾಡಿಸಿ ಹೋದ್ರು. ಒಂಬತ್ತನೆಯವರು ಐವತ್ತರ ಆಸುಪಾಸಿನ ಹೆಂಗಸು. ಚೀಟಿ ಕೈಲಿ ಹಿಡ್ಕೊಂಡು ‘ಎಲ್ಲಿ ನಡೀಲಿ ತಾಯಿ?’ ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ.

– ಎಲ್ಲಿ ಅಂದ್ರೆ? ಮನಸ್ಸಿದ್ದರೆ ಮಾರ್ಗ. ಮೂವತ್ತು ವರ್ಷ ಹುಡುಗರನ್ನ ಓಡಿಸಿದವನು ನಾನು. ಮೈ ಬಗ್ಗಿಸೋಕೆ ಇಷ್ಟ ಇಲ್ಲದವರಿಗೆ ನೆಪ ಬೇಕು, ಅಷ್ಟೇ. ಕೂತು ತಿನ್ನೋನಿಗೆ ಕುಡಿಕೆ ಹೊನ್ನೂ ಸಾಲದು ಅಂತ ನಮ್ಮಜ್ಜಿ ಹೇಳೋಳು. ಅದು ದುಡ್ಡಿನ ಮಾತು ಮಾತ್ರ ಅಲ್ಲ, ಮೈಗೂ ಅದೇ ಲೆಕ್ಕ.

– ನಿಮ್ಮಜ್ಜಿ ವಾಕಿಂಗ್ ಹೋಗ್ತಿದ್ರಾ?

– ವಾಕಿಂಗಾ? ಆ ಪದವೇ ಊರಲ್ಲಿ ಇರಲಿಲ್ಲ. ಹೊಲಕ್ಕೆ ಹೋಗೋಳು, ನೀರಿಗೆ ಹೋಗೋಳು, ತೌರಿಗೆ ಹೋಗೋಳು. ಎಲ್ಲಾ ಕಾಲ್ನಡಿಗೆ. ನಾವೂ ಅಷ್ಟೇ. ದೊಡ್ಡಜಾಲಕ್ಕೆ ನಡೆದು ಆ ಪುಟ್ಟ ನ್ಯಾರೋಗೇಜ್ ರೈಲು ಹತ್ತಿದ್ದೀನಿ. ರೈಲು ತಪ್ಪಿದ್ರೆ ಮಾತಾಡ್ಕೊಂಡು ಯಲಹಂಕದವರೆಗೂ ನಡೆದದ್ದುಂಟು. ಹುಣಸೆಮರ ಕಂಡ್ರೆ ನಿಲ್ಲೋದು, ಕಾಯಿ ಕೆಡವೋದು, ಮತ್ತೆ ನಡೆಯೋದು.

– ಮನಸ್ಸು ಮಾಡಿ ನಡೆದಿರಾ?

– ಮನಸ್ಸಿನ ಮಾತೇ ಬರ್ತಿರಲಿಲ್ಲ. ಹೋಗಬೇಕಾಗಿತ್ತು, ಹೋಗ್ತಿದ್ವಿ.

– ನಾನು ಹೇಳೋದೂ ಅಲ್ಲಿಗೇ ಬಂತು. ನಡಿಗೆ ಬೇರೆ, ವಾಕಿಂಗ್ ಬೇರೆ. ನಡಿಗೆ ಅಂದ್ರೆ ಎಲ್ಲಿಗೋ ಹೋಗೋದು. ವಾಕಿಂಗ್ ಅಂದ್ರೆ ಎಲ್ಲಿಗೂ ಹೋಗದೆ ತಿರುಗಿ ಬರೋದು. ಮೊದಲನೆಯದು ದಿನದೊಳಗೇ ಇತ್ತು. ಎರಡನೆಯದಕ್ಕೆ ದಿನದಲ್ಲಿ ಬೇರೆ ಜಾಗ ಮಾಡಬೇಕು, ಬೂಟು ಬೇಕು, ಪುರುಸೊತ್ತು ಬೇಕು, ಛಲ ಬೇಕು. ನಮ್ಮ ಲೇಔಟಿನಲ್ಲಿ ಎಷ್ಟೋ ಜನ ಬೆಳಿಗ್ಗೆ ಕಾರು ತೆಗೆದು ಜಕ್ಕೂರು ಕೆರೆಗೆ ಹೋಗಿ ನಡೆದು ಬರ್ತಾರೆ. ಅವರಿಗೆ ಕಾರಿದೆ, ಹೊತ್ತಿದೆ. ಆ ಹೆಂಗಸಿಗೆ ಎರಡೂ ಇಲ್ಲ. ಅವರ ದಿನದೊಳಗಿನ ನಡಿಗೆಯನ್ನ ನಾವೆಲ್ಲ ಸೇರಿ ಕಿತ್ಕೊಂಡು, ಈಗ ಔಷಧಿ ಚೀಟಿಯಲ್ಲಿ ಬರೆದುಕೊಡ್ತಿದ್ದೀವಿ.

– ಮಾತು ಚೆನ್ನಾಗಿದೆ. ಆದ್ರೆ ಲೆಕ್ಕ ಬೇಕು. ಎದುರಿಗೆ ರಸ್ತೆ ಚೆನ್ನಾಗಿದ್ದ ಮಾತ್ರಕ್ಕೆ ಜನ ನಡೀತಾರೆ, ನಡೆದದ್ದರಿಂದ ಕಾಯಿಲೆ ಕಮ್ಮಿ ಆಗತ್ತೆ ಅನ್ನೋಕೆ ಏನು ಆಧಾರ?

– ಹಳೇ ಕಥೆಯಿಂದ ಶುರು ಮಾಡ್ತೀನಿ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅಂತ ವೈದ್ಯರು ಇದ್ರು. ಅಲ್ಲಿನ ಸಾರಿಗೆ ಸಂಸ್ಥೆಯ ಸುಮಾರು 31,000 ಗಂಡಸರ ಆರೋಗ್ಯ ನೋಡಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ್ರು. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರು, ಕಂಡಕ್ಟರು. ಒಂದೇ ಬಸ್ಸು, ಹೆಚ್ಚು ಕಮ್ಮಿ ಒಂದೇ ವರ್ಗದ ಮನೆ. ಡ್ರೈವರು ಇಡೀ ದಿನ ಕೂತಿರ್ತಾನೆ. ಕಂಡಕ್ಟರು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳೀತಾನೆ. ಡ್ರೈವರಿಗಿಂತ ಕಂಡಕ್ಟರಿಗೆ ಹೃದಯದ ಕಾಯಿಲೆ ಕಮ್ಮಿ ಇತ್ತು, ಬಂದರೂ ತಡವಾಗಿ ಬರ್ತಿತ್ತು, ಬಂದಾಗ ಸಾಯೋದೂ ಕಮ್ಮಿ ಇತ್ತು. ಆ ಕಂಡಕ್ಟರಿಗೆ ವ್ಯಾಯಾಮ ಮಾಡಪ್ಪಾ ಅಂತ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಮೆಟ್ಟಿಲಿತ್ತು, ಹತ್ತಿದ.

– ನಮ್ಮ ಬಿಟಿಎಸ್ ಡಬಲ್ ಡೆಕ್ಕರ್ ಕಂಡಕ್ಟರುಗಳನ್ನ ನಾನೂ ನೋಡಿದ್ದೀನಿ. ಕಡ್ಡಿ ಥರ ಇರೋರು. ಆದ್ರೆ ಡಾಕ್ಟ್ರೇ, ಒಂದು ಅನುಮಾನ. ಕಡ್ಡಿ ಥರ ಇರೋನೇ ಕಂಡಕ್ಟರ್ ಕೆಲಸಕ್ಕೆ ಸೇರಿರಬಹುದಲ್ಲ? ನನ್ನ ಕ್ಲಾಸಲ್ಲೂ ಓಡೋ ಹುಡುಗನೇ ಮೈದಾನಕ್ಕೆ ಬರ್ತಿದ್ದ. ಮೈದಾನ ಅವನನ್ನ ಓಡೋನನ್ನಾಗಿ ಮಾಡ್ತು ಅಂತ ಹೇಳೋಕಾಗಲ್ಲ.

– ಸರಿಯಾದ ಜಾಗಕ್ಕೇ ಕೈ ಇಟ್ರಿ. ಮಾರಿಸ್‌ಗೂ ಅದೇ ಅನುಮಾನ ಬಂತು. ಅವರು ಸಮವಸ್ತ್ರ ಹೊಲಿಸಿದ ದಾಖಲೆ ತೆಗೆಸಿ ಪ್ಯಾಂಟಿನ ಸೊಂಟದಳತೆ ನೋಡಿದ್ರು. ಕೆಲಸಕ್ಕೆ ಸೇರೋ ಹೊತ್ತಿಗೇ ಡ್ರೈವರುಗಳ ಸೊಂಟ ದಪ್ಪ ಇತ್ತು! ನಿಮ್ಮ ಅನುಮಾನದಲ್ಲಿ ಹುರುಳಿದೆ ಅಂತಲೇ ಆಯ್ತು. ಊರುಗಳ ಅಧ್ಯಯನಕ್ಕೂ ಇದೇ ತಕರಾರು ಬಹಳ ಕಾಲ ಇತ್ತು. ನಡೆಯೋ ಆಸೆ ಇರೋರು ನಡೆಯೋಕಾಗೋ ಬೀದಿಯಲ್ಲಿ ಮನೆ ಹುಡುಕ್ತಾರೆ, ಬೀದಿಯ ಮಹಿಮೆ ಏನಿಲ್ಲ ಅಂತ. ಅದಕ್ಕೆ ಉತ್ತರ ಬೇಕಾದ್ರೆ ಒಬ್ಬನೇ ಮನುಷ್ಯನನ್ನ ಒಂದು ಊರಿಂದ ಎತ್ತಿ ಇನ್ನೊಂದು ಊರಲ್ಲಿ ಇಟ್ಟು ನೋಡಬೇಕು.

– ಅದೆಲ್ಲಿ ಆಗತ್ತೆ?

– ಜನ ತಾವಾಗಿಯೇ ಊರು ಬದಲಾಯಿಸ್ತಾರಲ್ಲ! ಅಮೆರಿಕದಲ್ಲಿ ಹಾಗೆ ಊರು ಬದಲಾಯಿಸಿದ 5,000ಕ್ಕೂ ಹೆಚ್ಚು ಜನರ ಫೋನಿನಲ್ಲಿದ್ದ ಹೆಜ್ಜೆ ಲೆಕ್ಕ ತೆಗೆದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ನಡೆಯೋಕೆ ಅನುಕೂಲ ಇಲ್ಲದ ಊರಿಂದ ನ್ಯೂಯಾರ್ಕಿಗೆ ಹೋದವರ ದಿನದ ಹೆಜ್ಜೆ 5,600ರಿಂದ 7,000ಕ್ಕೆ ಏರಿತು. ಅಲ್ಲಿಂದ ಅಂಥ ಊರಿಗೆ ಬಂದವರದು ಅಷ್ಟೇ ಇಳೀತು. ಮನುಷ್ಯ ಅವನೇ, ಸ್ವಭಾವ ಅದೇ, ಬೀದಿ ಮಾತ್ರ ಬೇರೆ. 1,400 ಹೆಜ್ಜೆ ಅಂದ್ರೆ ಎಷ್ಟು ಮೇಷ್ಟ್ರೇ?

– ಒಂದು ಕಿಲೋಮೀಟರ್. ಹದಿಮೂರು, ಹದಿನಾಲ್ಕು ನಿಮಿಷ.

– ಅದಕ್ಕೂ ಮೊದಲು, 2016ರಲ್ಲಿ, ಹತ್ತು ದೇಶಗಳ 14 ನಗರಗಳನ್ನ ಹೋಲಿಸಿದ ಅಧ್ಯಯನ ಬಂತು. ನಡೆಯೋಕೆ ತುಂಬಾ ಅನುಕೂಲ ಇದ್ದ ಬಡಾವಣೆಯವರು, ತೀರಾ ಅನುಕೂಲ ಇಲ್ಲದ ಬಡಾವಣೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಮೈ ಆಡಿಸ್ತಿದ್ರು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಕೇಳೋದು ವಾರಕ್ಕೆ ಕಮ್ಮಿ ಅಂದ್ರೆ 150 ನಿಮಿಷ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಬೀದಿಯೇ ಕೊಟ್ಟುಬಿಡತ್ತೆ, ಯಾರ ಛಲವನ್ನೂ ಕೇಳದೆ.

– ಬೀದಿಯಲ್ಲಿ ಅಂಥದ್ದೇನಿತ್ತು? ಗಿಡಮರವೇ?

– ಉದ್ಯಾನ ಹತ್ತಿರ ಇರೋದು ಒಂದು. ಮನೆಗಳು ಒತ್ತಾಗಿರೋದು, ಬಸ್ಸು ರೈಲಿನ ನಿಲ್ದಾಣಗಳು ಹೆಚ್ಚು ಇರೋದು, ಬೀದಿಗೆ ಬೀದಿ ಕೂಡೋದು, ಇವೂ ಅಷ್ಟೇ ಮುಖ್ಯ. ಆ ಕೊನೆಯದನ್ನ ನಮ್ಮ ಸುತ್ತಮುತ್ತ ನೋಡಿ. ನಮ್ಮ ಕಾಂಪೌಂಡ್ ಗೋಡೆ ಆಚೆಗೇ ಹಾಲಿನ ಅಂಗಡಿ ಇದೆ. ಕಿಟಕಿಯಿಂದ ಕೂಗಿದ್ರೆ ಕೇಳಿಸತ್ತೆ. ಆದ್ರೆ ಗೇಟು ಇರೋದು ಇನ್ನೊಂದು ಕಡೆ. ಸುತ್ತು ಹಾಕಿ ಹೋಗೋಕೆ ಇಪ್ಪತ್ತು ನಿಮಿಷ, ಅದೂ ದೂಳಿನ ರಸ್ತೆ. ಹಾಗಾಗಿ ಅರ್ಧ ಲೀಟರ್ ಹಾಲಿಗೆ ಸ್ಕೂಟರ್ ಬರತ್ತೆ, ಇಲ್ಲಾ ಫೋನಲ್ಲಿ ತರಿಸ್ತಾರೆ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿದ್ರೆ ಇನ್ನೂರು ಮನೆಯವರು ದಿನಾ ಐದು ನಿಮಿಷ ನಡೀತಿದ್ರು.

– ಹಳ್ಳಿಯಲ್ಲಿ ಓಣಿ ಇರ್ತಿತ್ತು. ಯಾರ ಹಿತ್ತಲಿಂದ ಯಾರ ಹೊಲಕ್ಕೆ ಬೇಕಾದ್ರೂ ಕಾಲುದಾರಿ. ಸರ್ವೆ ನಕ್ಷೆಯಲ್ಲಿ ಚುಕ್ಕಿ ಗೆರೆ ಹಾಕಿ ತೋರಿಸ್ತಾರಲ್ಲ, ಆ ದಾರಿಗಳು. ಲೇಔಟ್ ಬಂದಾಗ ಹೊಲಕ್ಕೆ ದುಡ್ಡು ಬಂತು. ದಾರಿ ಹೋದದ್ದಕ್ಕೆ ಯಾರೂ ಏನೂ ಕೊಡಲಿಲ್ಲ. ಕೇಳಿದವರೂ ಇಲ್ಲ.

– ಇದು ನೀವು ಇವತ್ತು ಹೇಳಿದ ದೊಡ್ಡ ಮಾತು.

– ಹಾಗಾದ್ರೆ ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ನಡೆದದ್ದನ್ನ ನೀವು ಬಂಗಾರ ಮಾಡಬೇಡಿ. ಬಡತನಕ್ಕೆ ನಡೆದೆವು. ಚಪ್ಪಲಿ ಇರಲಿಲ್ಲ. ಮುಳ್ಳು ತುಳಿದು ಕೀವಾದ ಕಾಲಲ್ಲಿ ಶಾಲೆಗೆ ಹೋಗಿದ್ದೀನಿ. ನಮ್ಮಜ್ಜಿ ನೀರು ಹೊತ್ತು ಹೊತ್ತು ಬೆನ್ನು ಬಾಗಿ ಸತ್ತಳು. ಇವತ್ತೂ ಬೆಳಿಗ್ಗೆ ಆರು ಗಂಟೆಗೆ ಈ ಹೆದ್ದಾರಿ ಅಂಚಲ್ಲಿ ನೋಡಿ. ಮನೆಕೆಲಸಕ್ಕೆ ಹೋಗೋರು, ಕಟ್ಟಡ ಕೆಲಸದವರು, ಹೋಟೆಲ್ ಹುಡುಗರು ಸಾಲಾಗಿ ನಡೀತಿರ್ತಾರೆ. ಫುಟ್‌ಪಾತ್ ಇಲ್ಲ ಅಂತ ಅವರು ನಿಂತಿದ್ದಾರಾ? ನಿಮ್ಮ ಲೆಕ್ಕದ ಪ್ರಕಾರ ಅವರು ಆರೋಗ್ಯವಂತರು ಆಗಬೇಕು.

– ಇಲ್ಲ. ಅವರ ಶ್ವಾಸಕೋಶ ನಾನು ನೋಡಿದ್ದೀನಿ. ಲಾರಿಯ ಹೊಗೆ, ಕಾಮಗಾರಿಯ ದೂಳು, ಬೆನ್ನ ಹಿಂದೆ ಹಾರನ್ನು. ಆ ನಡಿಗೆ ಅವರಿಗೆ ಕೊಡೋದಕ್ಕಿಂತ ಕಿತ್ಕೊಳ್ಳೋದು ಹೆಚ್ಚು. ಅಪಘಾತದ ವಾರ್ಡಿಗೆ ಬರೋರಲ್ಲಿ ಅವರೇ ಇರ್ತಾರೆ. ಬಡತನದ ನಡಿಗೆ ವಾಪಸು ಬರಲಿ ಅಂತ ನಾನು ಹೇಳ್ತಿಲ್ಲ ಮೇಷ್ಟ್ರೇ. ಬೇರೆ ದಾರಿ ಇದ್ದೂ ನಡೆಯೋದೇ ವಾಸಿ ಅನ್ನಿಸೋ ಬೀದಿ ಬೇಕು. ಆ ಬೀದಿಯ ಮೊದಲ ಹಕ್ಕುದಾರರು ಇವತ್ತು ವಿಧಿ ಇಲ್ಲದೆ ನಡೆಯೋ ಈ ಜನವೇ. ನನ್ನಂಥ ಕಾರಿನವಳು ಆಮೇಲೆ.

– ಹಾಗೆ ಹೇಳಿ. ಅದನ್ನ ಒಪ್ತೀನಿ.

– ಕಾಯಿಲೆ ಎಷ್ಟು ವೇಗವಾಗಿ ಬಂತು ನೋಡಿ. ವಾರಕ್ಕೆ ಬೇಕಾದಷ್ಟು ಮೈ ಆಡಿಸದ ವಯಸ್ಕರು 2000ದಲ್ಲಿ ಭಾರತದಲ್ಲಿ ನೂರಕ್ಕೆ 22. 2022ರಲ್ಲಿ ನೂರಕ್ಕೆ 49. ಹೆಂಗಸರನ್ನ ಬೇರೆ ತೆಗೆದ್ರೆ 57, ಗಂಡಸರು 42. ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ದೇಶದ ಜನಕ್ಕೆಲ್ಲ ಏಕಾಏಕಿ ಸೋಮಾರಿತನ ಹತ್ತಿತು ಅಂತ ನೀವು ನಂಬ್ತೀರಾ?

– ಇಲ್ಲ. ಆ ಇಪ್ಪತ್ತೆರಡು ವರ್ಷದ ನಡುವೆ, 2008ರ ಮೇ ತಿಂಗಳಲ್ಲಿ, ಇಲ್ಲಿಗೆ ಏರ್‌ಪೋರ್ಟೂ ಬಂತು. ಅಲ್ಲಿಂದ ರಸ್ತೆ ಅಗಲ ಆಗ್ತಾ ಹೋಯ್ತು, ಊರು ಕಿರಿದಾಗ್ತಾ ಹೋಯ್ತು. ಆದ್ರೆ ಹೆಂಗಸರದು ಯಾಕೆ ಇಷ್ಟು ಹೆಚ್ಚು? ಮನೇಲಿ ಅವರೇ ತಾನೇ ಬಿಡುವಿಲ್ಲದೆ ದುಡಿಯೋದು?

– ಮನೆಯೊಳಗೆ ದುಡೀತಾರೆ. ಮಿಕ್ಸಿ, ಗ್ಯಾಸು, ನಲ್ಲಿ ಬಂದಿದೆ. ಬರಲೇಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಒಳಗಿನ ದುಡಿಮೆ ಹಗುರಾದ ಹೊತ್ತಿಗೆ ಹೊರಗಿನ ಬೀದಿ ತೆರೀಲಿಲ್ಲ. ಏಳು ಗಂಟೆ ಆದ್ಮೇಲೆ ಸರ್ವಿಸ್ ರಸ್ತೆಯಲ್ಲಿ ಲೈಟು ಒಂದಿದ್ದರೆ ಇನ್ನೊಂದಿಲ್ಲ. ನಾಯಿ, ಕುಡಿದು ನಿಂತವರು. ‘ಒಬ್ಬಳೇ ಎಲ್ಲಿಗೆ ಹೊರಟೆ?’ ಅನ್ನೋ ಮನೆಯವರ ಪ್ರಶ್ನೆ ಬೇರೆ. ಅಂಗಡಿ ತೆರೆದಿರೋ, ಜನ ಓಡಾಡೋ ಬೀದಿಯಲ್ಲಿ ಆ ಪ್ರಶ್ನೆ ಹುಟ್ಟೋದೇ ಇಲ್ಲ.

– 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಹೆಂಗಸರು ಬಸ್ಸು ಹತ್ತೋದು ಕಣ್ಣಿಗೆ ಕಾಣೋ ಹಾಗೆ ಹೆಚ್ಚಾಯ್ತು.

– ಅದನ್ನ ನಾನು ಆರೋಗ್ಯದ ಯೋಜನೆ ಅಂತಲೂ ನೋಡ್ತೀನಿ. ಬಸ್ಸು ಹತ್ತೋರು ಎರಡು ಸಲ ನಡೀತಾರೆ, ಮನೆಯಿಂದ ನಿಲ್ದಾಣಕ್ಕೆ, ಇಳಿದ ಮೇಲೆ ಕೆಲಸಕ್ಕೆ. ಅಮೆರಿಕದಂಥ ಕಾರಿನ ದೇಶದಲ್ಲೂ ಬಸ್ಸು, ರೈಲು ಬಳಸೋರು ನಿಲ್ದಾಣಕ್ಕೆ ಹೋಗಿ ಬರೋದರಲ್ಲೇ ದಿನಕ್ಕೆ 19 ನಿಮಿಷದಷ್ಟು ನಡೀತಾರೆ ಅಂತ 2005ರಲ್ಲಿ ಒಂದು ಲೆಕ್ಕ ಬಂದಿತ್ತು. ವಾರಕ್ಕೆ 150ನ್ನ ಏಳರಿಂದ ಭಾಗಿಸಿ, ದಿನಕ್ಕೆ ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷ. ಸ್ವಲ್ಪ ಚುರುಕಾಗಿ ನಡೆದ್ರೆ ಬಸ್ ನಿಲ್ದಾಣವೇ ಹತ್ತಿರ ಹತ್ತಿರ ಆ ಲೆಕ್ಕ ತುಂಬಿಸತ್ತೆ. ಒಂದೇ ಸಲಕ್ಕೆ ನಡೀಬೇಕು ಅಂತಲೂ ಇಲ್ಲ. ಮೊದಲು ಹತ್ತು ನಿಮಿಷಕ್ಕಿಂತ ಕಮ್ಮಿ ನಡೆದ್ರೆ ಲೆಕ್ಕಕ್ಕೆ ಹಿಡೀತಿರಲಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ನಿಯಮ ಕೈಬಿಡ್ತು. ಊಟ ಆದ್ಮೇಲೆ ಐದು ನಿಮಿಷ ನಡೆದ್ರೂ ಕಾಲಿನ ಸ್ನಾಯು ರಕ್ತದಿಂದ ಸಕ್ಕರೆ ಎಳ್ಕೊಳ್ಳತ್ತೆ. ಸ್ನಾಯು ಕೆಲಸ ಮಾಡ್ತಿರೋವಾಗ ಅದಕ್ಕೆ ಇನ್ಸುಲಿನ್ ಕೂಡ ಅಷ್ಟಾಗಿ ಬೇಡ.

– ಬಸ್ ನಿಲ್ದಾಣ ಅಂದ್ರಲ್ಲ, ಅಲ್ಲೇ ನಮ್ಮೂರ ಗಂಟು ಇರೋದು. ಪಟ್ಟಣಕ್ಕೆ ಹೋಗೋ ಬಸ್ಸು ರಸ್ತೆಯ ಒಂದು ಕಡೆ ನಿಲ್ಲತ್ತೆ. ಬರೋ ಬಸ್ಸು ಇನ್ನೊಂದು ಕಡೆ. ಮನೆ ಯಾವ ಕಡೆಗಾದ್ರೂ ಇರಲಿ, ದಿನಕ್ಕೆ ಒಂದು ಸಲ ಬಳ್ಳಾರಿ ರಸ್ತೆ ದಾಟಲೇಬೇಕು. ಯಾರಿಗೂ ತಪ್ಪಿದ್ದಲ್ಲ. ಮುದುಕರು ಬಸ್ಸು ಬಿಟ್ಟದ್ದು ಬಸ್ಸಿಗೆ ಹೆದರಿ ಅಲ್ಲ, ಆ ಒಂದು ದಾಟಿಗೆ ಹೆದರಿ. ಮೇಲ್ಸೇತುವೆ ಕಟ್ತೀವಿ ಅಂತಾರೆ. ಮೂವತ್ತು ಮೆಟ್ಟಿಲು ಹತ್ತೋ ಮಂಡಿ ಇದ್ದಿದ್ರೆ ನಾನು ಕೆಳಗೇ ಓಡಿ ದಾಟ್ತಿದ್ದೆ.

– ಈಗ ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳೂ ಎದ್ದಿವೆ. ರೈಲು ಓಡೋ ದಿನ ಎಲ್ಲರೂ ಪೇಟ ಕಟ್ಟಿ ಹಾರ ಹಾಕ್ತಾರೆ. ಆ ನಿಲ್ದಾಣಕ್ಕೆ ಊರೊಳಗಿಂದ ಒಬ್ಬ ಮುದುಕಿ ನಡೆದು ಬರಬಹುದಾ ಅನ್ನೋದನ್ನ ಇವತ್ತೇ ಕೇಳಬೇಕು. ಕಂಬ ಎಬ್ಬಿಸೋ ಖರ್ಚಿನ ಮುಂದೆ ಎರಡು ಕಿಲೋಮೀಟರ್ ಫುಟ್‌ಪಾತಿನ ಖರ್ಚು ಏನೇನೂ ಅಲ್ಲ.

– ಕೇಳಿದ್ರೆ ಏನಂತಾರೆ ಗೊತ್ತಲ್ಲ? ಇದು ಹೆದ್ದಾರಿ, ಶ್ರೀನಗರದಿಂದ ಕನ್ಯಾಕುಮಾರಿವರೆಗೆ ಹೋಗೋದು, ಇಲ್ಲಿ ಯಾಕ್ರೀ ನಡೀತೀರಿ ಅಂತಾರೆ.

– ಹೆದ್ದಾರಿ ವೇಗವಾಗಿ ಹೋಗಲಿ, ನಾನು ಬೇಡ ಅನ್ನಲ್ಲ. ಆಂಬುಲೆನ್ಸೂ ಅದೇ ದಾರಿಯಲ್ಲಿ ಹೋಗತ್ತೆ. ಆದ್ರೆ ಊರನ್ನ ಹಾಯೋ ಸರ್ವಿಸ್ ರಸ್ತೆ ಹೆದ್ದಾರಿ ಅಲ್ಲ, ಅದು ಊರ ಬೀದಿ. ಅಲ್ಲಿ ವಾಹನ ನಿಧಾನಕ್ಕೆ ಹೋಗಬೇಕು, ಅದಕ್ಕೆ ತಕ್ಕ ಹಾಗೆ ರಸ್ತೆ ಕಟ್ಟಬೇಕು. ಬೋರ್ಡು ಹಾಕಿದ್ರೆ ಯಾರೂ ನಿಧಾನ ಮಾಡಲ್ಲ. ರಸ್ತೆ ಕಿರಿದಾಗಿದ್ರೆ, ದಾಟೋ ಜಾಗ ಎತ್ತರಿಸಿದ್ರೆ ಮಾಡ್ತಾರೆ.

– ನೀವು ಹೇಳೋದು ಕೇಳ್ತಿದ್ರೆ ಹೊಸ ಸಂಗತಿ ಅನ್ನಿಸ್ತಿದೆ. ಆರೋಗ್ಯಕ್ಕಾಗಿ ರಸ್ತೆ ಕಟ್ಟೋದು ಅಂತ ನಾನು ಕೇಳಿಲ್ಲ.

– ಕೇಳಿದ್ದೀರಿ, ಮರೆತಿದ್ದೀರಿ. ಪ್ಲೇಗ್ ನೆನಪು ಮಾಡ್ಕೊಳ್ಳಿ.

– ಪ್ಲೇಗು ಮಾರಮ್ಮನ ಗುಡಿಗಳು ಇನ್ನೂ ಇವೆಯಲ್ಲ. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕ್ಕೊಂಡಿದ್ದನ್ನ ನಮ್ಮಜ್ಜಿ ಅವರಮ್ಮನ ಬಾಯಿಂದ ಕೇಳಿದ್ದಳು.

– 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಸಾವಿರಾರು ಜನ ಸತ್ತರು. ಪೇಟೆಯ ಇಕ್ಕಟ್ಟಿನಲ್ಲಿ ಗಾಳಿ ಬೆಳಕಿಲ್ಲ ಅಂತ ಆಗಿನ ಸರ್ಕಾರ ಮಲ್ಲೇಶ್ವರ, ಬಸವನಗುಡಿಗಳನ್ನ ಬೆಳೆಸ್ತು. ನೇರ ಬೀದಿ, ಅಡ್ಡ ರಸ್ತೆ, ಮನೆ ಹಿಂದೆ ಕಸ ಸಾಗಿಸೋ ಕನ್ಸರ್ವೆನ್ಸಿ ಗಲ್ಲಿ, ನಡುವೆ ಮಾರುಕಟ್ಟೆ, ಗುಡಿ, ಶಾಲೆ, ಉದ್ಯಾನ. ಕಾಯಿಲೆಗೆ ಉತ್ತರವಾಗಿ ಬೀದಿ ಕಟ್ಟಿದ ಊರು ಇದು. ನೂರಿಪ್ಪತ್ತು ವರ್ಷ ಆದ್ಮೇಲೂ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಎಂಬತ್ತರ ಅಜ್ಜಿ ಹೂವು, ತರಕಾರಿ ತರೋಕೆ ನಡೆದು ಹೋಗ್ತಾರೆ. ಅವರಿಗೆ ನಾನು ಚೀಟಿ ಬರೀಬೇಕಾಗಿಲ್ಲ. ಈಗಿನ ಪ್ಲೇಗ್ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ. ಇದಕ್ಕೆ ಆಸ್ಪತ್ರೆ ಮೇಲೆ ಆಸ್ಪತ್ರೆ ಕಟ್ತಿದ್ದೀವಿ. ಬೀದಿ ಕಟ್ಟೋದು ಬಿಟ್ಟಿದ್ದೀವಿ. ಇದು ನನ್ನ ವೃತ್ತಿಯವರ ತಪ್ಪೂ ಹೌದು. ಚೀಟಿ ಬರೆದು ಕೈ ತೊಳ್ಕೊಂಡೆವು.

– ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ದೊಡ್ಡವರನ್ನ ಕಂಡು ಅರ್ಜಿ ಕೊಟ್ಟು ಸುಸ್ತಾಗಿದ್ದೀನಿ. ಇವರು ಅವರ ವ್ಯಾಪ್ತಿ ಅಂತಾರೆ, ಅವರು ಇವರ ವ್ಯಾಪ್ತಿ ಅಂತಾರೆ.

– ಕಾಗದ ನಮ್ಮ ಕಡೆ ಇದೆ. ಫುಟ್‌ಪಾತಿನಲ್ಲಿ ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳತ್ತೆ. ಎರಡು ಗಾಲಿಕುರ್ಚಿ ಎದುರುಬದುರು ಹಾಯೋ ಅಷ್ಟು ಅಗಲ ಅದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಹಕ್ಕು ಅಂತ ಹೇಳಿದೆ. ಅದು ಬದುಕುವ ಹಕ್ಕಿನ ವಿಧಿ. ನಾವು ಯಾರ ಕೃಪೆಯನ್ನೂ ಕೇಳ್ತಿಲ್ಲ.

– 1.8 ಮೀಟರ್ ಅಂದ್ರಾ? ಲಾಂಗ್ ಜಂಪ್ ಅಳೆಯೋ ಮೂವತ್ತು ಮೀಟರ್ ಟೇಪು ನನ್ನ ಟ್ರಂಕಿನಲ್ಲಿ ಇನ್ನೂ ಇದೆ.

– ನಾಳೆ ಬೆಳಿಗ್ಗೆ ಆರೂವರೆಗೆ ತನ್ನಿ. ನಿಮ್ಮ ಮನೆ ಬಾಗಿಲಿಂದ ಬಸ್ ನಿಲ್ದಾಣದವರೆಗೆ ಅಳೆಯೋಣ. ಎಲ್ಲಿ 1.8 ಇಲ್ಲ, ಎಲ್ಲಿ ಚರಂಡಿ ಬಾಯಿ ತೆರೆದಿದೆ, ಎಲ್ಲಿ ಲೈಟಿಲ್ಲ, ದಾಟೋಕೆ ಎಷ್ಟು ನಿಮಿಷ ಕಾಯಬೇಕು, ಒಂದೊಂದನ್ನೂ ಬರೀತೀನಿ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೀಲೇಬೇಕು ಅಂತ ಪಂಚಾಯತ್ ರಾಜ್ ಕಾಯ್ದೆ ಹೇಳತ್ತೆ. ಅಲ್ಲಿ ಓದಿ ನಡಾವಳಿಗೆ ಬರೆಸೋಣ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗತ್ತೆ, ಬರೆಸಿದ್ದಕ್ಕೆ ಉತ್ತರ ಕೊಡಬೇಕಾಗತ್ತೆ.

– ಟೇಪಿಗೆ ಎರಡು ತುದಿ. ಒಂದು ತುದಿ ನಾನು ಹಿಡೀತೀನಿ, ನೀವು ಬರೀತೀರಿ. ಇನ್ನೊಂದು ತುದಿಗೆ?

– ‘ಎಲ್ಲಿ ನಡೀಲಿ’ ಅಂತ ಕೇಳಿದ ಆ ತಾಯಿಯನ್ನ ಕರೀತೀನಿ. ಅವರ ಓಣಿಯವರನ್ನೂ ಕರೀತೀನಿ. ಚಿಕ್ಕಜಾಲ, ದೊಡ್ಡಜಾಲ, ಬೆಟ್ಟಹಲಸೂರು, ಈ ರಸ್ತೆ ಗುಂಟ ಇರೋ ಯಾರಾದ್ರೂ ಆಗಲಿ, ನಿಮ್ಮ ಬಾಗಿಲಿಂದ ಬಸ್ ನಿಲ್ದಾಣದವರೆಗೆ ಒಂದು ಸಲ ಅಳೆದು, ಆ ಹಾಳೆ ಹಿಡ್ಕೊಂಡು ಬರೋ ಗ್ರಾಮಸಭೆಗೆ ಬನ್ನಿ.